ಅಂಗಿಯ ನಾಲ್ಕನೇ ತುಂಡು

ವಿಮಾನದ ಹ್ಯಾಂಗರಿನ ಮೂಲೆಮೇಜು
ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ನನ್ನ ಮೋಡಪ್ಪನವರಿಗೆ, ನಿಮ್ಮ ಗ್ರೀಸಮ್ಮ ಮಾಡುವ ನಮಸ್ಕಾರ.

ಯಾವಾಗಲೂ ಮೋಡದಲ್ಲೇ ಇರುವ ಗಂಡನಿಗೆ ನಾನಿಟ್ಟ ಹೆಸರು ಅದು. ಹಾಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನೀವು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ನಿಮ್ಮ ವಿಮಾನವನ್ನು ಈಗ ಬೇರೆ ಪೈಲಟ್ ಹಾರಿಸುತ್ತಾನೆ, ಎಂಜಿನ್ ಮಾತ್ರ ನನ್ನ ಕೈಯಲ್ಲೇ ಇದೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ್ದರಿಂದ ಅದರ ಜೊತೆಯೇ ಹರಟುತ್ತೇನೆ. ನಿಮ್ಮ ಹಾಗೆ ಎದುರು ಮಾತಾಡುವುದಿಲ್ಲ, ಪಾಪ.

ಮೊನ್ನೆ ಹೊಸ ಪೈಲಟ್‌ಗೆ ಅದರ ಉಸಿರಾಟ ವಿವರಿಸಬೇಕಾಯಿತು. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಎಂಜಿನ್ ಹೊರಗೆ ಬಿಟ್ಟ ಬಿಸಿ ಹೊಗೆಯೇ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ಚಕ್ರ ಆ ತೆಳು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ ಎಂದೆ. ಗಾಳಿಯ ದಾರಿಯೇ ಕಟ್ಟಿಕೊಂಡರೆ ಏನು ಗತಿ ಎಂದು ಕೇಳಿದ. ಫಿಲ್ಟರ್ ದಾಟಿದ ಮೇಲೆ ಕೊಳವೆಯ ಪಕ್ಕದಲ್ಲಿ ಸ್ಪ್ರಿಂಗ್ ಬಾಗಿಲೊಂದಿದೆ, ಎಂಜಿನ್ನಿನ ಎಳೆತಕ್ಕೆ ತಾನೇ ತೆರೆದುಕೊಂಡು ಕವಚದೊಳಗಿನ ಬಿಸಿ ಗಾಳಿಯನ್ನು ಬಿಡುತ್ತದೆ, ಶಕ್ತಿ ಕುಗ್ಗಿದರೂ ಇಳಿಯುವಷ್ಟು ಹೊತ್ತು ಓಡುತ್ತದೆ ಎಂದೆ. ಹದಿನಾಲ್ಕು ತಿಂಗಳ ಹಿಂದೆ ಹಾರಾಟದ ನಡುವೆ ಎಂಜಿನ್ನಿನ ಉಸಿರು ಕಟ್ಟಿದ ದಿನ ನಿಮ್ಮನ್ನು ಜೀವಂತ ಇಳಿಸಿದ್ದು ಆ ಅಂಗೈಯಗಲದ ಬಾಗಿಲು.

ಮರುದಿನ ತನಿಖೆಯವರ ಮುಂದೆ ನೀವು, ಹಾರುವ ಮುನ್ನ ಗಾಳಿಬಾಯಿಯ ಮುಚ್ಚಳ ತೆಗೆಯಲು ಮರೆತೆ, ತಪ್ಪು ನನ್ನದೇ ಎಂದಿರಿ. ಲೈಸೆನ್ಸ್ ಹೋಯಿತು. ಅದೇ ವಾರ ನೀವೂ ಹೋದಿರಿ. ನಾನು ನಿಮ್ಮ ಮಾತನ್ನೇ ನಂಬಿದ್ದೆ. ಮೊನ್ನೆ ಸಾಮಾನಿನ ಪೆಟ್ಟಿಗೆ ಶುಚಿ ಮಾಡುವಾಗ ನಿಮ್ಮ ನೀಲಿ ಗೆರೆಯ ಹಳೆ ಅಂಗಿಯಿಂದ ಕತ್ತರಿಸಿದ ಒರೆಸುಬಟ್ಟೆಗಳು ಸಿಕ್ಕವು. ನಾಲ್ಕಿರಬೇಕಿತ್ತು, ಮೂರೇ ಇದ್ದವು. ಆಗ ಹೊಳೆಯಿತು. ಅಂದು ಬೆಳಿಗ್ಗೆ ನಾವು ಜಗಳವಾಡಿದ್ದೆವು. ಫಿಲ್ಟರ್ ತೆಗೆದಾಗ ಒಳಗೆ ಧೂಳು ಬೀಳದಿರಲಿ ಎಂದು ಕೊಳವೆಯ ಬಾಯಿಗೆ ಬಟ್ಟೆ ತುರುಕಿದ್ದೆ, ಸಿಟ್ಟಿನ ಭರದಲ್ಲಿ ಅದರ ಮೇಲೆಯೇ ಫಿಲ್ಟರ್ ಕೂರಿಸಿಬಿಟ್ಟೆ. ಇಳಿದ ಮೇಲೆ ಮೊದಲು ಬಿಚ್ಚಿ ನೋಡಿದವರು ನೀವೇ. ನಿಮ್ಮ ಅಂಗಿಯ ಗುರುತು ನಿಮಗೆ ಸಿಗದೇ ಇರುತ್ತದೆಯೇ?

ನಾಳೆ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಡುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ, ನೀವು ಮತ್ತೆ ಹಾರಬೇಕು. ಸಂಜೆ ವಿಮಾನದ ಸದ್ದು ಕೇಳಿದರೆ ಈಗಲೂ ಒಲೆ ಹಚ್ಚಲು ಏಳುತ್ತೇನೆ. ನೀವಲ್ಲ ಎಂದು ನೆನಪಾಗಿ ಮತ್ತೆ ಕೂರುತ್ತೇನೆ. ತುಂಬಾ ಒಂಟಿಯಾಗಿದ್ದೇನೆ ರೀ.

ಇನ್ನೂ ನಿಮ್ಮವಳೇ ಆದ,
ಗ್ರೀಸಮ್ಮ

ಸಹಿ ಹಾಕಿದ ಮೇಲೆ: ಮೊನ್ನೆ ಹೊಳೆಯಿತು ಎಂದದ್ದು ಸುಳ್ಳು. ನೀವು ಇಳಿದ ಆ ಸಂಜೆಯೇ ಬಟ್ಟೆ ಎಣಿಸಿದ್ದೆ. ನೀವು ಅಡುಗೆಮನೆಯ ಬಾಗಿಲಲ್ಲಿ, ಕಿಸೆಯೊಳಗೆ ಕೈ ಇಟ್ಟುಕೊಂಡು ನಿಂತು, “ನನ್ ಹತ್ರ ಏನಾದ್ರೂ ಹೇಳೋದಿದೆಯಾ?” ಎಂದು ಕೇಳಿದಾಗ, ನಾಲ್ಕನೇ ತುಂಡು ಆ ಕಿಸೆಯಲ್ಲೇ ಇದೆಯೆಂದು ನನಗೆ ಗೊತ್ತಿತ್ತು. “ಕೈ ತೊಳ್ಕೊಳ್ರೀ, ಬಡಿಸ್ತೀನಿ” ಅಂದೆ. ನೀವು ಕಿಸೆಯಿಂದ ಖಾಲಿ ಕೈ ತೆಗೆದು, ತೊಳೆದುಕೊಂಡು ಬಂದು, ಬಡಿಸಿದ್ದನ್ನೆಲ್ಲ ಉಂಡಿರಿ.