ಗೇಮ್ ಎಂದರೆ ಮೊಲವಂತೆ

ರಾಣೇಬೆನ್ನೂರು, 12-1-1938

ಕಾಕಾನಿಗೆ ಶ್ರೀಪಾದನ ನಮಸ್ಕಾರ.

ಕಾಲೇಜಿನವರು ಚಿಗರಿ ಹಿಂಡು ತೋರಿಸಲು ಇಲ್ಲಿಯ ಸರಕಾರಿ ಅಡವಿಗೆ ಕರೆತಂದಿದ್ದಾರೆ. ಹಾದಿಯ ಬಾಯಲ್ಲೇ ಬರೀ ಇಂಗ್ಲಿಷಿನ ಬೋರ್ಡು: ‘ನೋ ಗೇಮ್ ಟು ಬಿ ಟೇಕನ್’. ಗದಿಗೆವ್ವ ಎಂಬ ಮುದುಕಿ ಬುಟ್ಟಿ ಇಳಿಸಿ, “ಏನ್ ಬರದೈತಿ ಓದೋ ತಮ್ಮಾ, ಈ ಹಾದೀಲೆ ಹೋಗಬಹುದೇನು?” ಎಂದಳು. ನಾನು ಜಂಬದಿಂದ, “ಆಟದ ಸಾಮಾನು ಒಯ್ಯಬಾರದಂತ” ಎಂದೆ. ಅವಳು ನಕ್ಕು, “ನನ್ನ ಹತ್ರ ಎಲ್ಲೀ ಆಟದ ಸಾಮಾನು? ನಮ್ಮ ಹೊಲದಾಗ ಸಿಕ್ಕ ಮೊಲ ಐತಿ” ಎಂದು ಒಳಗೆ ನಡೆದಳು. ಗಾರ್ಡು ಹಿಡಿದೇಬಿಟ್ಟ! ಗೇಮ್ ಎಂದರೆ ಬೇಟೆಯ ಪ್ರಾಣಿಯಂತೆ, ಕಾಕಾ. ಜೀವಕ್ಕೆ ಆಟವೆಂದು ಹೆಸರಿಡುವವರ ಭಾಷೆಯಲ್ಲಿ ನಾನು ಪಾಸಾಗಬೇಕು!

ಅದೇ ಹಾದಿಯಲ್ಲಿ ಒಬ್ಬ ಸಾಹೇಬ ಎರಡು ಚಿಗರಿ ಹೊಡೆದು ಮೋಟಾರಿಗೆ ಕಟ್ಟಿಕೊಂಡು ಬಂದ. ಗಾರ್ಡು ಸಲಾಮು ಹೊಡೆದ. ಕೇಳಿದರೆ, “ಅವರ ಹತ್ರ ಪಾಸ್ ಐತ್ರೀ” ಎನ್ನುತ್ತಾನೆ. ಮುದುಕಿ ಮಾತ್ರ ನಾಳೆ ಕಚೇರಿಗೆ ಹಾಜರಾಗಬೇಕಂತೆ. ಆಕೆ ನನ್ನನ್ನು ಬೈಯಲೂ ಇಲ್ಲ. “ಓದಿದಾಂವ ನೀನ ಅಲ್ಲೇನು, ನೀನೂ ಬಾರೋ” ಎಂದಳು, ಅಷ್ಟೇ.

ಕಾಲಿಗೆ ಚುಚ್ಚಿದ ಜಾಲಿಮುಳ್ಳು ತೆಗೆಸಿದ್ದೇನೆ, ಅವ್ವ ಗಾಬರಿಯಾಗುವುದು ಬೇಡ. ನಾಳೆ ಎಲ್ಲರೂ ಬೆಳಗಿನ ಗಾಡಿಗೆ ಹೊರಡುತ್ತಾರೆ. ಹಾಸ್ಟೆಲ್ಲಿನಿಂದ ಹೊರಗೆ ಹಾಕಿದರೂ ಸರಿ, ನಾನು ಉಳಿಯುತ್ತೇನೆ. ತಪ್ಪು ಓದಿದವನು ನಾನೇ ಎಂದು ಕಚೇರಿಯಲ್ಲಿ ಹೇಳುವುದನ್ನು ಈಗಿನಿಂದಲೇ ಬಾಯಿಪಾಠ ಮಾಡುತ್ತಿದ್ದೇನೆ, ಕನ್ನಡದಲ್ಲಿ.

ಶ್ರೀಪಾದ