ಒಂದು ಮಂಚದಷ್ಟು ಜಾಗ

ಭಾನುವಾರ, ಮಾರ್ಚ್ ೯

ಪ್ರೀತಿಯ ಚಿನ್ನು,

ಅಕ್ಕ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಕಾರ್ಖಾನೆಗೂ ಮನೆಗೂ ಹೊತ್ತು ತಿರುಗಿದೆನೇ ಹೊರತು ಉತ್ತರ ಬರೆಯಲಾಗಲಿಲ್ಲ. ಬೈಯಬೇಡ ಮಾರಾಯ. ನನ್ನನ್ನು ಈಗ ಕಾಲರ್ ಹೊಲಿಯುವ ಸಾಲಿಗೆ ಹಾಕಿದ್ದಾರೆ. ಸಂಜೆ ಬರುವಷ್ಟರಲ್ಲಿ ಬೆರಳುಗಳು ಮರಗಟ್ಟಿ ಹೋಗಿರುತ್ತವೆ. ಭಾನುವಾರ ಬರೆಯೋಣವೆಂದರೆ, ಐದು ಭಾನುವಾರಗಳನ್ನೂ ಗ್ಯಾರೇಜು ನುಂಗಿ ನೀರು ಕುಡಿಯಿತು.

ಗ್ಯಾರೇಜು ಎಂದೊಡನೆ ನಗುತ್ತೀಯೇನೋ. ಅದರೊಳಗೆ ಕಾರು ನಿಂತದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ನಿನ್ನ ಭಾವ ಲಿಫ್ಟ್ ರಿಪೇರಿ ಕೆಲಸ ಮುಗಿಸಿ ಬಂದು ಕೂರುತ್ತಿದ್ದದ್ದು ಅಲ್ಲೇ. ಸುಟ್ಟುಹೋದ ಮೋಟಾರುಗಳು, ತುಕ್ಕು ಹಿಡಿದ ರಾಟೆಗಳು, ಹೆಪ್ಪುಗಟ್ಟಿದ ಬಣ್ಣದ ಡಬ್ಬಗಳು, ಎಲ್ಲಿಂದಲೋ ಕಿತ್ತು ತಂದ ಒಂಟಿ ಬಾಗಿಲು. ಒಳಗೆ ಹೋಗಬೇಕಾದರೆ ಅಡ್ಡಡ್ಡ ನುಸುಳಬೇಕು.

ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ಕಳಿಸಬಹುದು ಎಂದ ದಿನ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. "ಅವರಿಗೆ ಅಂತ ಒಂದು ಕೋಣೆ ಇರ್ಲಿ. ಹಾಲ್‌ನಲ್ಲಿ ಹಾಸಿಗೆ ಹಾಕಿ, ನಾಲ್ಕು ಜನ ಓಡಾಡೋ ಕಡೆ ಮಲಗಿಸ್ಬೇಡಿ." ಇರುವುದೇ ಒಂದು ಹಾಲು, ಒಂದು ಕೋಣೆ. ಮಗಳು ದೊಡ್ಡವಳಾಗುತ್ತಿದ್ದಾಳೆ. ಒಂದು ವಾರ ನಾನು ಮಂಚವನ್ನು ಮನಸ್ಸಿನಲ್ಲೇ ಎಳೆದಾಡಿದೆ. ಒಂದು ದಿನ ನಿನ್ನ ಭಾವ ಕೈ ತೊಳೆಯುತ್ತ, "ಗ್ಯಾರೇಜು ಇದೆಯಲ್ಲ" ಎಂದರು. ಅಷ್ಟೇ. ಟವೆಲ್ಲಿಗೆ ಕೈ ಒರೆಸಿಕೊಂಡು ಊಟಕ್ಕೆ ಕೂತರು.

ಮೊದಲ ಭಾನುವಾರ ನಿನ್ನ ಸೊಸೆ ಯಜಮಾನಿಯಾದಳು. ಅಂಗಳದಲ್ಲಿ ಸೀಮೆಸುಣ್ಣದಿಂದ ಮೂರು ಚೌಕ ಬರೆದು, "ಬೇಕು, ಬೇಡ, ಯೋಚಿಸಬೇಕು" ಎಂದು ಹೆಸರಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನ ಮುಕ್ಕಾಲು ಪಾಲು ಮೂರನೆಯ ಚೌಕಕ್ಕೆ ಬಂದು ಕೂತಿತ್ತು. "ಅಪ್ಪಾ, ಇದೇನು ಯೋಚಿಸೋದು? ಹಿಡಿಯೇ ಇಲ್ಲದ ಸುತ್ತಿಗೆ!" ಎಂದರೆ, "ಹಿಡಿ ಹಾಕಿದ್ರೆ ಸುತ್ತಿಗೆನೇ ತಾನೆ? ಮುಂದಕ್ಕೆ ಬೇಕಾಗುತ್ತೆ" ಎನ್ನುತ್ತಾರೆ. "ಹದಿನಾರು ವರ್ಷದಿಂದ ನಿಮ್ಮ 'ಮುಂದೆ' ಬಂದೇ ಇಲ್ವಲ್ಲ" ಎಂದೆ. ಮೂವರೂ ನಕ್ಕೆವು. ಸಾಯಂಕಾಲ ಎಲ್ಲವನ್ನೂ ಮತ್ತೆ ಒಳಗಿಟ್ಟೆವು. ಆಗ ನಗು ಬರಲಿಲ್ಲ.

ಎರಡನೆಯ ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಆರು ದಿನ ದುಡಿದು ಬಂದ ಮೈ. ಅವರು ಒಂದೊಂದು ಸ್ಕ್ರೂವನ್ನೂ ಎಣ್ಣೆಬಟ್ಟೆಯಲ್ಲಿ ಒರೆಸಿ ಅಳತೆ ನೋಡುತ್ತ ಕೂತಿದ್ದರು. "ನಿಮಗೆ ಈ ಗುಜರಿ ಮುಖ್ಯವೋ, ನನ್ನ ತಮ್ಮ ಮುಖ್ಯವೋ?" ಎಂದುಬಿಟ್ಟೆ. ಆಡಬಾರದಿತ್ತು. ಅವರು ಬಣ್ಣದ ಡಬ್ಬದ ಮೇಲಿಂದ ಎದ್ದು ಹೋಗಿ ಚಪ್ಪಲಿಯಲ್ಲಿ ಆ ಮೂರನೆಯ ಚೌಕವನ್ನು ಉಜ್ಜಿ ಅಳಿಸಿದರು.

ಅಲ್ಲಿಂದಾಚೆಗೆ ಕೆಲಸ ಸರಸರ ಸಾಗಿತು. ಸಾಗಿದಷ್ಟೂ ನನಗೆ ಸಂಕಟ. ಮೋಟಾರುಗಳು ಗುಜರಿಯವನ ಗಾಡಿ ಹತ್ತಿದವು. ಅವರು ಕೈಯಾರೆ ಮಾಡಿಕೊಂಡಿದ್ದ ಕೆಲಸದ ಮೇಜು ಆ ಗಾಡಿಯಲ್ಲಿ ಹಿಡಿಸದಿದ್ದಾಗ, ಕಾಲುಗಳನ್ನು ಅವರೇ ಕುಯ್ದರು. ತಂತಿ ಸುತ್ತುವ ಯಂತ್ರವನ್ನು ಜೊತೆ ಕೆಲಸದವನೊಬ್ಬ ಒಯ್ದ. ಅವನು, "ಇನ್ಮೇಲೆ ನೀನೆಲ್ಲಿ ಕೂತ್ಕೊಂಡು ಮಾಡ್ತೀಯ?" ಎಂದು ಕೇಳಿದ. "ಸೊಂಟ ನೋವು ಕಣಯ್ಯ, ಸಾಕಾಗಿದೆ" ಎಂದರು. ಅವರ ಸೊಂಟಕ್ಕೆ ಏನೂ ಆಗಿಲ್ಲ. ಈಗ ಅವರಿಗೆ ಉಳಿದಿರುವುದು ಮೆಟ್ಟಿಲ ಕೆಳಗಿನ ಒಂದು ಟ್ರಂಕು. ಕೆಲಸದಿಂದ ಬಂದವರು ಹಾಲಿನಲ್ಲಿ ಕೂತು ಉಗುರು ನೋಡಿಕೊಳ್ಳುತ್ತಾರೆ.

ಕೋಣೆ ಚೆನ್ನಾಗಿದೆ ಚಿನ್ನು. ಹಿಂದಿನ ಗೋಡೆಯಲ್ಲಿ ಕಿಟಕಿ ಒಡೆಸಿದ್ದೇವೆ, ಬೆಳಗಿನ ಬಿಸಿಲು ಮಂಚದವರೆಗೂ ಬರುತ್ತದೆ. ಆ ಒಂಟಿ ಬಾಗಿಲಿಗೂ ಕೊನೆಗೊಂದು ಚೌಕಟ್ಟು ಸಿಕ್ಕಿತು. ನೆಲದಲ್ಲಿ ಮಾತ್ರ ಎಣ್ಣೆಯ ವಾಸನೆ ಇನ್ನೂ ಇದೆ. ಸೋಪು ಹಾಕಿ ನಾಲ್ಕು ಸಲ ತಿಕ್ಕಿದೆ, ನನ್ನ ಮಂಡಿ ಸವೆಯಿತೇ ಹೊರತು ಅದು ಹೋಗಲಿಲ್ಲ. ಹೊಂದಿಕೊಳ್ಳಬೇಕು.

ಇನ್ನು ನಿನ್ನ ಕಾಗದದ ಮಾತು. ಭಾವ ನಿನ್ನೆದುರಿಗೆ ಬರಬಾರದು, ಮಾತಾಡಿಸಬಾರದು, ಹಾಗಿದ್ದರೆ ಮಾತ್ರ ಬರುತ್ತೇನೆ ಎಂದು ಬರೆದಿದ್ದೀಯ. ಮೊನ್ನೆ ಗೋಡೆಗೆ ಬಣ್ಣ ಬಳಿಯುತ್ತ ಅವರು ನಿನ್ನ ಕಾಗದದ ಸುದ್ದಿ ಎತ್ತಿದರು. "ಏನಂತೆ?" ಎಂದರು. "ಆರೋಗ್ಯವಾಗಿದ್ದಾನಂತೆ" ಎಂದೆ. "ಅಷ್ಟೇನಾ?" ಎಂದು ಒಂದು ಕ್ಷಣ ನನ್ನ ಮುಖ ನೋಡಿ ಮತ್ತೆ ಗೋಡೆಗೆ ತಿರುಗಿದರು.

ಮಾತ್ರೆ ತಪ್ಪಿಸಬೇಡ. ನಿದ್ದೆ ಚೆನ್ನಾಗಿ ಮಾಡು. ನೀನು ತಣ್ಣಗಿರು, ನಿನ್ನ ಮನಸ್ಸು ತಣ್ಣಗಿರಲಿ. ಅಕ್ಕ ಬೇಡಿಕೊಳ್ಳುವುದು ಇಷ್ಟೇ.

ನಿನ್ನ
ಅಕ್ಕ

ಮತ್ತೆ:
ಲಕೋಟೆ ಅಂಟಿಸಿದ್ದವಳು ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಬಡಗಿ ಬಂದು ಆ ಬಾಗಿಲನ್ನು ಚೌಕಟ್ಟಿಗೆ ಕೂರಿಸಿ, "ಚಿಲಕ ಒಳಗಾ, ಹೊರಗಾ, ಎರಡೂ ಕಡೆನಾ?" ಎಂದು ಕೇಳಿದ. ನಿನ್ನ ಭಾವ, "ಒಳಗೆ ಮಾತ್ರ" ಎಂದರು. "ಹೊರಗೊಂದಿದ್ರೆ ಬೀಗ ಹಾಕ್ಕೋಬಹುದು ಸಾರ್" ಎಂದ. "ಬೇಡ ಅಂದ್ನಲ್ಲಪ್ಪಾ" ಎಂದು ಗದರಿದರು. ಅವರು ಗದರಿದ್ದನ್ನು ನಾನು ಕೇಳಿದ್ದೇ ಕಡಿಮೆ.

ಆ ಮಧ್ಯಾಹ್ನ ನಿನ್ನನ್ನು ಕೋಣೆಯೊಳಗೆ ಕೂಡಿಹಾಕಿದ್ದು ಅವರಲ್ಲ ಚಿನ್ನು. ನಾನು. ನೀನು ಕನ್ನಡಿ ಒಡೆದಿದ್ದೆ, ಕೈಯಲ್ಲಿ ರಕ್ತ, ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು. ಎಳೆದು ಚಿಲಕ ಹಾಕಿ, ಆಸ್ಪತ್ರೆಗೂ ಅವರಿಗೂ ಫೋನು ಮಾಡಿದೆ. "ಅಕ್ಕಾ, ಭಾವ ಚಿಲಕ ಹಾಕಿದ್ದಾನೆ, ಬೇಗ ತೆಗಿ" ಎಂದು ನೀನು ಒಳಗಿಂದ ಕೂಗುತ್ತಲೇ ಇದ್ದೆ. ಆಗಿನ್ನೂ ಅವರು ಮನೆಗೇ ಬಂದಿರಲಿಲ್ಲ. ನಾನು ಈಚೆ ಕಡೆ, ಚಿಲಕದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಅವರು ಬಂದವರು ಒಂದು ಸಲ ನನ್ನನ್ನು ನೋಡಿ, ನಿನಗೆ ಕೇಳಿಸುವ ಹಾಗೆ, "ಹೌದು ಕಣೋ, ನಾನೇ ಹಾಕಿದ್ದು" ಎಂದರು. ಆಮೇಲೆ ನಾನು ಅತ್ತಾಗ ಹೇಳಿದರು: "ಅವನಿಗಿರೋದು ಒಬ್ಳೇ ಅಕ್ಕ. ನಾನು ಕೆಟ್ಟವನಾದ್ರೆ ನಡೆಯುತ್ತೆ ಬಿಡು."

ಎರಡು ವರ್ಷ ಆ ಸುಳ್ಳನ್ನೇ ನಡೆಸಿದೆ. ಇನ್ನು ನನ್ನ ಕೈಲಾಗದು.

ಬರುವ ಶನಿವಾರ ನಿನ್ನನ್ನು ಕರೆತರಲು ನಮ್ಮಲ್ಲಿ ಒಬ್ಬರು ಬರುತ್ತೇವೆ. ಯಾರು ಬರಬೇಕೆಂದು ನೀನೇ ಹೇಳು.