ಎಲೆ ಉಡಿಸಿದವರು ಯಾರು

ಫೆಬ್ರವರಿ 3, 2025. ಮುಂಡಗೋಡ

2019ರ ಜನವರಿಯಲ್ಲಿ, ಹಳಿಯಾಳದ ವೇದಿಕೆಯ ಮೇಲೆ, ಗೋದುಬಾಯಿ ಸಿದ್ದಿಯವರಿಗೆ ಎಲೆ ಉಡಿಸಿ, ಮುಖಕ್ಕೆ ಸುಣ್ಣದ ಚುಕ್ಕೆ ಇಟ್ಟು ಕುಣಿಸಿದರು. ಕಲೆಗೆ ಹಣ ಕೊಡುವ ಬೆಂಗಳೂರಿನ ಟ್ರಸ್ಟ್‌ನ ಕಾರ್ಯಕ್ರಮ. ವೇಷ ಅವರ ನಿರ್ದೇಶಕನ ಕಲ್ಪನೆ. ಸಿದ್ದಿ ಹೆಂಗಸರು ಡಮಾಮಿ ಡೋಲು ಬಾರಿಸಿ ಕುಣಿಯುವುದು ಸೀರೆಯಲ್ಲಿ. ಚಿಕ್ಕಂದಿನಿಂದ ನೋಡಿದ್ದೇನೆ. ಆ ವೇದಿಕೆಯನ್ನು ಮರೆತಿಲ್ಲ.

ಈಗ ಅದೇ ಟ್ರಸ್ಟ್ ಮಳಗಿ ಕಡೆಯ ಗೋದುಬಾಯಿಯವರ ಸಂಘಕ್ಕೆ ಗ್ರಾಂಟ್ ಕೊಡುತ್ತದಂತೆ. ಷರತ್ತು — ಸಾಂಪ್ರದಾಯಿಕ ಉಡುಪು ಕಡ್ಡಾಯ. ಮಾದರಿಗೆಂದು ಕಳಿಸಿದ ಫೋಟೋ... ಹಳಿಯಾಳದ್ದೇ! ತಾವೇ ಕಟ್ಟಿದ ವೇಷ, ತಾವೇ ತೆಗೆದ ಫೋಟೋ, ಈಗ ಅದು ಸಂಪ್ರದಾಯ.

ಫೆ. 4

ಸಂಘದ ಕಾರ್ಯದರ್ಶಿ ಮೌನೇಶ ಬಂದಿದ್ದ. ಗ್ರಾಂಟ್ ಇಲ್ಲದಿದ್ದರೆ ಹುಡುಗಿಯರ ಡಮಾಮಿ ತರಗತಿ ನಿಂತಂತೆ. ಕಲಿಸಬಲ್ಲವರು ಗೋದುಬಾಯಿ ಒಬ್ಬರೇ. ದಿನವೂ ಕೂಲಿಗೆ ಹೋದರೆ ಕಲಿಸುವುದು ಯಾವಾಗ?

"ಒಂದ್ ದಿನದ ಮಾತ್ರೀ ಸರ್. ಉಟ್ಟು ತಗದ್ರ ಆತು," ಅಂದ. ತಲೆ ಎತ್ತಲಿಲ್ಲ. ಬೈಯಬೇಕೆಂದಿದ್ದೆ. ಆಗಲಿಲ್ಲ.

ಫೆ. 8, ಸಂಜೆ

ಟ್ರಸ್ಟ್‌ನಿಂದ ಸಹನಾ ಎಂಬ ಹುಡುಗಿ ಬಂದಿದ್ದಳು. ಗೋದುಬಾಯಿಯ ಅಂಗಳದಲ್ಲಿ ಚಹಾ. ಫೋಟೋ ತೋರಿಸಿ, ಈ ಉಡುಪು ಎಲ್ಲಿ ಎಂದು ಕೇಳಿದಳು. ನನಗೆ ಭಾಷಣವೇ ಬಾಯಿಗೆ ಬಂದಿತ್ತು. ಗೋದುಬಾಯಿ ಬಿಡಲಿಲ್ಲ.

"ಉಡ್ತೇನ್ರಿ ಬಾಯಾರ. ಆದ್ರ ಹೆಂಗ ಉಡೂದು ನಮಗ ಗೊತ್ತಿಲ್ಲ. ನಮ್ಮವ್ವಗೂ ಗೊತ್ತಿರ್ಲಿಲ್ಲ. ನೀವಾ ಒಮ್ಮೆ ಉಟ್ಟು ತೋರಸ್ರಿ."

ಸಂಘದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಹನಾ ನಗಲಿಲ್ಲ. ಫೋಟೋದಲ್ಲಿರುವುದು ನೀವೇ ಅಲ್ಲವೇ ಎಂದಳು.

"ಮಾರಿ ನಂದು. ಉಳದದ್ದು ನಿಮ್ಮದು."

ಹುಡುಗಿ ಫೋಟೋ ಚೀಲಕ್ಕೆ ಹಾಕಿಕೊಂಡಳು. ಚಹಾ ಮುಗಿಸದೆ ಹೊರಟಳು. ಕೆಲಸ ಕೆಟ್ಟಿತೇ?

ಮಾರ್ಚ್ 19

ಮಂಜೂರಾಯಿತು. ಉಡುಪಿನ ಷರತ್ತು ಕೈಬಿಟ್ಟಿದ್ದಾರೆ. ಮೌನೇಶ ಅದೇ ಸುದ್ದಿ ಹೇಳಲು ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಹೊಸದೆಂಬಂತೆ ಕೇಳಿದೆ. ಹೆಂಡತಿ ನಿರ್ಮಲಾ ಅಂದಳು, "ಇವತ್ತಾದ್ರೂ ಪೇಪರ್ ಓದಿ ಬೈಬ್ಯಾಡ್ರಿ." ಬೈಯಲಿಲ್ಲ.

ಮಾರ್ಚ್ 22

ಸಹನಾ ಗೋದುಬಾಯಿಗೆ ಫೋನ್ ಮಾಡಿ ಕ್ಷಮೆ ಕೇಳಿದಳಂತೆ. ಒಳ್ಳೆಯ ಹುಡುಗಿ. ಆದರೆ ತಪ್ಪು ಅವಳದಲ್ಲ. ಅವಮಾನ ಮಾಡಿದ್ದು ಊರ ಎದುರು, ಕ್ಷಮೆ ಮಾತ್ರ ಕಿವಿಯಲ್ಲಿ? ಟ್ರಸ್ಟಿಗಳೇ ಹಳಿಯಾಳಕ್ಕೆ ಬರಲಿ. ಮೈಕ್ ಹಿಡಿದು ಹೇಳಲಿ — ಎಲೆ ಉಡಿಸಿ ಎಂದವರು ಯಾರು, ಬೇಡ ಎನ್ನದೆ ಕೂತವರು ಯಾರು, ಆರು ವರ್ಷ ಆ ಫೋಟೋವನ್ನು ಸಂಪ್ರದಾಯವೆಂದು ತೋರಿಸಿದವರು ಯಾರು.